ತೋಟದ ಮನೆಗಳ ವಿದ್ಯುತ್ ಬ್ಯಾಟರಿಗಳ ಪೋಷಣೆ ಮತ್ತು ಬದಲಾವಣೆ

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902 ನೆಯ ಇಸವಿಯಲ್ಲಿಯೇ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಬಂದಿತೆಂಬುದು ಈ ಸೀಮೆಯವರು ಬಲ್ಲ ಸಂಗತಿಯೇ ಆಗಿದೆ. ಆದರೂ ಅದೇ ಜಿಲ್ಲೆಯ ನಂಗಲಿಯಂಥ ಕಡೆಯಲ್ಲಿ, ಊರಿಗೆ ದೂರವಾದ ಹೊಲದಲ್ಲಿ ಮನೆ ಕಟ್ಟಿಕೊಂಡು ಹಿಪ್ಪುನೇರಳೆ, ಟೊಮ್ಯಾಟೋ, ಮಾವು ಮುಂತಾದವುಗಳನ್ನು ಬೆಳೆಯುವ ಒಕ್ಕಲಿಗೆ ಕಂಬ ನೆಡಿಸಿ ತಂತಿ ಎಳೆಯಿಸುವ ವೆಚ್ಚವು ಭಾರವಾಗಬಹುದು. ಅಂಥವರಿಗೆ ಮಾಳಿಗೆಯ ಮೇಲಣ ಸೂರ್ಯಫಲಕವೂ ಒಳಗಣ ಬ್ಯಾಟರಿಯೂ ಆಧಾರ. ಫಲಕವು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳುವುದು. ಸೀಸದ ಬ್ಯಾಟರಿಯಾದರೋ ಪೋಷಿಸಿದರೆ ಐದಾರು ವರ್ಷ, ಅಲಕ್ಷಿಸಿದರೆ ಎರಡು ವರ್ಷವೂ ಬಾಳಲಾರದು. ಆದುದರಿಂದ ಜಮೀನುದಾರರ ಹಣವು ಪೋಲಾಗುವುದು ಬಹುಮಟ್ಟಿಗೆ ಬ್ಯಾಟರಿಯ ಕಡೆಯಿಂದಲೇ.

ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಎರಡೆರಡು ವೋಲ್ಟಿನ ಆರು ಕೋಶಗಳಿರುತ್ತವೆ. ಪ್ರತಿಯೊಂದರಲ್ಲಿಯೂ ಸೀಸದ ತಗಡುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುವುವು. ದೀಪ ಉರಿದಂತೆಲ್ಲಾ ತಗಡಿನ ಮೇಲೆ ಬಿಳಿಯ ಲವಣವೊಂದು ಕೂಡುತ್ತದೆ; ಬಿಸಿಲಿನಿಂದ ಶಕ್ತಿ ತುಂಬಿದಂತೆಲ್ಲಾ ಅದು ಕರಗುತ್ತದೆ. ಹೀಗೆ ಪೂರ್ಣವಾಗಿ ತುಂಬದೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟರೆ ಆ ಲವಣವು ಗಟ್ಟಿಕಟ್ಟಿ, ಮತ್ತೆ ಕರಗದೆ ನಿಂತುಬಿಡುವುದು. ಮೇವಿಲ್ಲದೆ ಕಟ್ಟಿಹಾಕಿದ ಎತ್ತು ಉತ್ತು ದಣಿದ ಎತ್ತಿಗಿಂತ ಬೇಗ ಕೆಡುವಂತೆ, ಬ್ಯಾಟರಿಯೂ ದುಡಿಮೆಗಿಂತ ಹಸಿವಿನಿಂದಲೇ ಹೆಚ್ಚಾಗಿ ಸಾಯುತ್ತದೆ. ಈ ಸೀಮೆಯಲ್ಲಿ ಅಶ್ವಯುಜ ಕಾರ್ತಿಕಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಜಡಿಮಳೆ ಹಿಡಿದಾಗ ಮೂರು ನಾಲ್ಕು ದಿನ ಬಿಸಿಲೇ ಕಾಣದಿರುವುದುಂಟು. ಆ ದಿನಗಳಲ್ಲಿ ದೀಪ ಬೀಸಣಿಗೆಗಳನ್ನು ಮಿತಗೊಳಿಸತಕ್ಕದ್ದು. ಬೇಸಗೆಯಲ್ಲಿ ಫಲಕದ ಮೇಲೆ ಕೂಡುವ ಧೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ಬೆಳಗಿನ ತಂಪಿನಲ್ಲಿ ತೊಳೆಯತಕ್ಕದ್ದು.

ಮಿತವೆಂದರೆ ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಹನ್ನೆರಡು ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆಯ ಶಕ್ತಿಯು ಅಡಗಿರುವುದು. ಅದರಲ್ಲಿ ಅರ್ಧವನ್ನು, ಅಂದರೆ 600ನ್ನು, ಮೀರಿ ಬಳಸದಿರುವುದು ಕ್ಷೇಮ. 7 ವಾಟಿನ ನಾಲ್ಕು ದೀಪಗಳು ಐದು ಗಂಟೆ ಉರಿದರೆ 140, 40 ವಾಟಿನ ಬೀಸಣಿಗೆಯೊಂದು ಎಂಟು ಗಂಟೆ ತಿರುಗಿದರೆ 320, ಒಟ್ಟು 460. ಇದು ಸರಿಯೇ. ಇದರ ಮೇಲೆ 60 ವಾಟಿನ ಟೆಲಿವಿಷನ್ನನ್ನು ನಾಲ್ಕು ಗಂಟೆ ನಡೆಸಿದರೆ 700 ಆಗಿ ಮಿತಿ ಮೀರುವುದು. ಮದುವೆಯ ಮನೆಯಲ್ಲಿ ಒಂದು ರಾತ್ರಿ ಹೀಗಾದರೆ ಚಿಂತೆಯಿಲ್ಲ. ನಿತ್ಯವೂ ಆದರೆ ಬ್ಯಾಟರಿಯ ಆಯುಸ್ಸು ತೀರಿತು.

ಮುಚ್ಚಳ ತೆಗೆಯಬಲ್ಲ ಬ್ಯಾಟರಿಗಳಿಗೆ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ನೋಡತಕ್ಕದ್ದು. ತಗಡುಗಳು ಎಂದಿಗೂ ಬರಿದಾಗಿ ಕಾಣಬಾರದು. ಹಾಕತಕ್ಕದ್ದು ಅಂಗಡಿಯಲ್ಲಿ ದೊರೆಯುವ ಬಟ್ಟಿಯಿಳಿಸಿದ ನೀರು ಮಾತ್ರವೇ. ಕೋಲಾರದ ಕೊಳವೆ ಬಾವಿಗಳು ಬಹು ಆಳಕ್ಕೆ ಇಳಿದಿವೆ. ಅವುಗಳ ನೀರಿನಲ್ಲಿ ಫ್ಲೋರೈಡು ಮೊದಲಾದ ಲವಣಗಳು ಕಂಡುಬಂದಿರುವುದರಿಂದ ಅನೇಕ ಗ್ರಾಮಗಳಲ್ಲಿ ಅದು ಕುಡಿಯುವುದಕ್ಕೇ ತಕ್ಕುದಲ್ಲ. ಅದನ್ನು ಕಾಯಿಸಿ ಆರಿಸಿ ಹಾಕಿದರೂ ಲವಣವು ಹೋಗುವುದಿಲ್ಲ. ಒಂದು ಡಬ್ಬಿ ನೀರಿನ ಕಾಸನ್ನು ಉಳಿಸಹೋಗಿ ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಕೆಡಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಶಕ್ತಿ ಪೂರ್ಣವಾಗಿ ತುಂಬಿದ ಮೇಲೆಯೇ ನೀರು ಹಾಕತಕ್ಕದ್ದು. ಮೊದಲೇ ತುಂಬಿಸಿದರೆ ಉಬ್ಬಿ ಹೊರಚೆಲ್ಲುವುದು. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ ಆಮ್ಲವನ್ನು ಸೇರಿಸಲಾಗದು.

ಬ್ಯಾಟರಿಯನ್ನು ನೆರಳಿನಲ್ಲಿ, ಗಾಳಿಯಾಡುವ ಸ್ಥಳದಲ್ಲಿ, ಮಣೆಯ ಮೇಲಿಡತಕ್ಕದ್ದು. ಸುತ್ತಣ ಸೆಕೆಯು ಹತ್ತು ಡಿಗ್ರಿ ಹೆಚ್ಚಿದರೆ ಆಯುಸ್ಸು ಸರಿಸುಮಾರು ಅರ್ಧವಾಗುವುದು. ಶಕ್ತಿ ತುಂಬುವಾಗ ಹೊರಡುವ ಜಲಜನಕವು ಕಿಡಿ ತಾಗಿದರೆ ಸಿಡಿಯುವುದರಿಂದ ಹತ್ತಿರದಲ್ಲಿ ಬೀಡಿ, ದೀಪ ಕೂಡದು.

ದೀಪ ಬೇಗನೆ ಮಂಕಾದ ಮಾತ್ರಕ್ಕೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸಬಾರದು. ಮೊದಲು ತಂತಿಗಳನ್ನು ಕಳಚಿ, ಕೊನೆಗಳ ಮೇಲಣ ಹಸುರು ಬಿಳಿ ಬೂಷ್ಟನ್ನು ಅಡುಗೆ ಸೋಡದ ನೀರಿನಿಂದ ತೊಳೆದು ಒರಸಿ, ಬಿಗಿಯಾಗಿ ಕಟ್ಟಿ ವ್ಯಾಸಲೀನ್ ಸವರಿ ನೋಡತಕ್ಕದ್ದು. ಸೋಡದ ನೀರು ಕೋಶದೊಳಕ್ಕೆ ಒಂದು ಹನಿಯೂ ಬೀಳಕೂಡದು. ಅದರಿಂದ ಗುಣ ಕಾಣದಿದ್ದರೆ ಹೈಡ್ರೋಮೀಟರಿನಿಂದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಪೂರ್ಣ ತುಂಬಿದ ಕೋಶವು ತಯಾರಕರ ಸೂಚನೆಯಂತೆ 1.240 ರಿಂದ 1.280 ರವರೆಗೆ ತೋರುವುದು. ಐದು ಕೋಶಗಳು ಸಮನಾಗಿದ್ದು ಒಂದು ಮಾತ್ರ 0.050 ಕ್ಕಿಂತ ಹೆಚ್ಚಾಗಿ ಕೆಳಗಿದ್ದರೆ ಆ ಕೋಶ ಕೆಟ್ಟಿತೆಂದೇ ತಿಳಿಯಬೇಕು. ಈ ಉಪಕರಣದ ಬೆಲೆ ಸ್ವಲ್ಪವೇ. ಗ್ರಾಮದ ಮುಖಂಡರು ಹಾಲಿನ ಸಂಘದಲ್ಲಿ ಒಂದನ್ನು ಇರಿಸಿದರೆ ಊರಿಗೆಲ್ಲಾ ಸಾಕು.

ನಾಲ್ಕು ಬ್ಯಾಟರಿಗಳ ಸಾಲಿನಲ್ಲಿ ಒಂದು ಕೆಟ್ಟಾಗ ಅದೊಂದನ್ನೇ ಬದಲಿಸುವುದು ಲಾಭವೆಂದು ತೋರುವುದು ಸಹಜ. ಸಾಲು ಒಂದು ವರ್ಷದೊಳಗಿನದಾದರೆ ಹಾಗೆ ಮಾಡಬಹುದು. ಸಾಲು ಹಳೆಯದಾದರೆ ಮಾತ್ರ ಹೊಸದು ತುಂಬುವ ಮೊದಲೇ ಹಳೆಯವು ತುಂಬಿ ಕುದಿಯುವುವು. ಹೊಸದು ನಿತ್ಯವೂ ಅರೆಹೊಟ್ಟೆಯಲ್ಲಿ ಉಳಿದು ಬೇಗನೆ ಹಳೆಯವುಗಳ ಗತಿಗೇ ಇಳಿಯುವುದು. ಆದ್ದರಿಂದ ಒಂದೇ ತಯಾರಿಕೆಯ, ಒಂದೇ ಅಳತೆಯ, ಒಂದೇ ಕಾಲದ ಬ್ಯಾಟರಿಗಳನ್ನು ಒಟ್ಟಿಗೆ ಕೊಳ್ಳತಕ್ಕದ್ದು. ತಯಾರಾದ ತಿಂಗಳನ್ನು ಓದಿ, ಬಹುದಿನ ಅಂಗಡಿಯಲ್ಲಿ ಬಿದ್ದಿದ್ದುದನ್ನು ನಿರಾಕರಿಸಬೇಕು. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಿಗೆ ನೀರಿನ ಗೊಡವೆಯಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಅವುಗಳನ್ನು ಸೀಸದವುಗಳೊಡನೆ ಬೆರೆಸಲಾಗದು, ಶಕ್ತಿ ತುಂಬುವ ಯಂತ್ರವೂ ಅವುಗಳಿಗೆ ಹೊಂದತಕ್ಕದ್ದಾಗಿರಬೇಕು.

ಹಳೆಯ ಬ್ಯಾಟರಿಯನ್ನು ಹಿತ್ತಲಿನಲ್ಲಿ ಒಡೆದು ಸೀಸ ಕರಗಿಸುವವರಿಗೆ ಮಾರುವುದು ಮಹಾ ಅನರ್ಥ. ಆ ಹೊಗೆಯೂ ಬೂದಿಯೂ ಮಣ್ಣಿನಲ್ಲಿ ಸೇರಿ, ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ ಇಳಿದು ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವುವು. ಬಯಲಿನಲ್ಲಿ ಬಿಸಾಡಿದ ತಗಡುಗಳನ್ನು ದನಗಳು ನೆಕ್ಕಿ, ಕುರುಡಾಗಿ ನಡುಗಿ ಸಾಯುವುದುಂಟು. ಹಾಲಿನಿಂದ ಜೀವಿಸುವ ಈ ಜಿಲ್ಲೆಯಲ್ಲಿ ಅದು ಸಣ್ಣ ನಷ್ಟವಲ್ಲ. 2022 ನೆಯ ಇಸವಿಯ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಮೇರೆಗೆ ಹಳೆಯವನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯು ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು, ಆಮ್ಲವನ್ನು ಚೆಲ್ಲದೆ, ನೆಟ್ಟಗೆ ನಿಲ್ಲಿಸಿ ಸಾಗಿಸಿ ಅಂಗಡಿಗೆ ಒಪ್ಪಿಸಿ, ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ಕಳೆಯಿಸಿ ರಸೀದಿ ಪಡೆಯತಕ್ಕದ್ದು.