ಏಳು ಗಂಟೆಯ ಪ್ರಶ್ನೆ

ಮನೆಖರ್ಚು ಇಳಿಸಬೇಕೆಂದು ಹೊರಟವರು ಮೊದಲು ಕೈಹಾಕುವುದು ಬೆಲೆಗೆ. ಎಲ್ಲಿ ಬೇಳೆ ಎರಡು ರೂಪಾಯಿ ಕಡಿಮೆ, ಯಾವ ಅಂಗಡಿಯಲ್ಲಿ ಎಣ್ಣೆಗೆ ರಿಯಾಯಿತಿ, ಸಂತೆಯಲ್ಲಿ ಸೊಪ್ಪಿನ ಕಟ್ಟು ಎಷ್ಟು ಅನ್ನುವ ವಿಚಾರಣೆ. ಅದರಿಂದ ಏನೂ ಉಳಿಯುವುದಿಲ್ಲ ಅಂತಲ್ಲ. ಆದರೆ ಸಂಸಾರದ ಲೆಕ್ಕ ಬರೆದಿಡುತ್ತ ಬಂದಮೇಲೆ ನನಗೆ ಮನದಟ್ಟಾದದ್ದು ಬೇರೆಯೇ. ಅಡುಗೆಮನೆಯ ದುಡ್ಡು ಹೆಚ್ಚಾಗಿ ಸೋರುವುದು ತೀರ್ಮಾನ ತಡವಾದ ಕಡೆ. ನಮ್ಮಲ್ಲಿ ಅಗ್ಗದ ಊಟಗಳೆಲ್ಲ ಮುಂಚೆಯೇ ಯೋಚಿಸಬೇಕಾದ ಊಟಗಳು. ಹುರುಳಿಯೋ ಅಲಸಂದೆಯೋ ಹಿಂದಿನ ರಾತ್ರಿ ನೆನೆಯಬೇಕು, ದೋಸೆಹಿಟ್ಟು ಹಿಂದಿನ ದಿನ ರುಬ್ಬಬೇಕು, ಹಪ್ಪಳ ಸಂಡಿಗೆಗೆ ಬೇಸಿಗೆಯಲ್ಲೇ ಬಿಸಿಲು ಹಿಡಿಯಬೇಕು. ಹತ್ತು ನಿಮಿಷ ಮುಂಚೆ ತೀರ್ಮಾನಿಸಿದರೂ ಸಿಗುವಂಥದ್ದು ಮೊಬೈಲಿನಲ್ಲಿ ತರಿಸುವ ಊಟ ಒಂದೇ. ಅದಕ್ಕೆ ಊಟದ ಬೆಲೆಯ ಮೇಲೆ ಪ್ಯಾಕಿಂಗು, ತಂದುಕೊಡುವವರ ಶುಲ್ಕ, ತೆರಿಗೆ ಎಲ್ಲ ಬಂದು ಕೂರುತ್ತವೆ.

ಇದು ಕೇವಲ ನನ್ನ ಮನೆಯ ಅಂದಾಜಲ್ಲ. ಕೇಂದ್ರ ಸರ್ಕಾರದ 2023-24ರ ಮನೆಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಸಂಸಾರಗಳ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ. 47, ಪಟ್ಟಣಗಳಲ್ಲಿ ಸುಮಾರು ಶೇ. 40. ಆ ಆಹಾರದ ಖರ್ಚಿನೊಳಗೆ ದೊಡ್ಡ ಪಾಲು ಅಕ್ಕಿ-ಗೋಧಿಯದಲ್ಲ, ಹಾಲಿನದೂ ಅಲ್ಲ. ಪಾನೀಯ, ಕುರುಕಲು, ಸಿದ್ಧ ತಿನಿಸುಗಳದು, ಅದೂ ಹಳ್ಳಿ-ಪಟ್ಟಣ ಎರಡೂ ಕಡೆ. ಹೀಗಿರುವಾಗ ಸೋನಾಮಸೂರಿ ಬಿಟ್ಟು ಒಂದು ದರ್ಜೆ ಕೆಳಗಿನ ಅಕ್ಕಿ ಕೊಂಡು ಗೆದ್ದೆವು ಅಂದುಕೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ದಿನಾ ಉಣ್ಣುವ ಅನ್ನ ಕೆಡುತ್ತದೆ, ಸೋರುವ ಕಡೆ ಸೋರುತ್ತಲೇ ಇರುತ್ತದೆ.

ಹಾಗಾದರೆ ವಾರದ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕೆ? ಅಂಥ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಸೋಮವಾರ ಟೊಮೆಟೊ ಗೊಜ್ಜು ಎಂದು ಬರೆದಿಟ್ಟವರನ್ನು 2023ರ ಜುಲೈ ಏನು ಮಾಡಿತೆಂದು ಎಲ್ಲರೂ ಕಂಡಿದ್ದೇವೆ, ಬೆಂಗಳೂರಲ್ಲಿ ಕಿಲೋ ನೂರು ರೂಪಾಯಿ ದಾಟಿತ್ತು. 2019ರ ಕೊನೆಯಲ್ಲಿ ಈರುಳ್ಳಿಯದೂ ಅದೇ ಕಥೆ. ಬರೆಯುವುದಾದರೆ ಅಡುಗೆಯ ಹೆಸರು ಬೇಡ, ಅಡುಗೆಯ ಬಗೆ ಸಾಕು: ಈ ದಿನ ಕಾಳು, ನಾಳೆ ಸೊಪ್ಪು, ನಾಡಿದ್ದು ಬೇಳೆ. ಯಾವ ಸೊಪ್ಪು ಎಂಬುದನ್ನು ಸಂತೆ ಹೇಳಲಿ. ಟೊಮೆಟೊ ದುಬಾರಿಯಾದರೆ ಹುಣಸೆಹಣ್ಣು ಇದ್ದೇ ಇದೆ, ಸಾರಿಗೇನೂ ಅವಮಾನವಾಗುವುದಿಲ್ಲ. ಬಸ್ಸಾರನ್ನೇ ನೋಡಿ. ಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಒಂದು ಕಡೆ. ಬೆಂದದ್ದರಲ್ಲಿ ಒಂದು ಹಿಡಿ ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಸಾರಿನ ಪುಡಿ, ಹುಣಸೆಯ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಮಿಕ್ಕದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಕುಕ್ಕರಿನ ಗ್ಯಾಸಿನಲ್ಲಿ ಎರಡು ಪದಾರ್ಥ, ಚೆಲ್ಲುವ ನೀರೂ ಇಲ್ಲ. ಸಾರು ಮರುದಿನಕ್ಕೆ ಇನ್ನೂ ರುಚಿ. ಬೇಕಾದದ್ದು ಇಷ್ಟೇ: ಹಿಂದಿನ ರಾತ್ರಿ ಯಾರಾದರೊಬ್ಬರು ಕಾಳು ನೆನೆಹಾಕಿರಬೇಕು.

ಆ ಯಾರಾದರೊಬ್ಬರು ಯಾರು ಎನ್ನುವಲ್ಲಿ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುವುದು ಸರಾಸರಿ 289 ನಿಮಿಷ, ಗಂಡಸರು 88. ಹೋಟೆಲಿನ ಬಿಲ್ಲು ಉಳಿಸಿದೆವು ಎನ್ನುವ ಮನೆಗಳಲ್ಲಿ ಆ ಬಿಲ್ಲು ಒಬ್ಬಳ ಬೆನ್ನಿಗೆ ವರ್ಗವಾಗಿರುವುದೇ ಹೆಚ್ಚು. ಏನು ಮಾಡಬೇಕೆಂದು ಯೋಚಿಸುವುದೂ ಕೆಲಸವೇ. ಅದು ಪಾತ್ರೆಯಂತೆ ಕಣ್ಣಿಗೆ ಕಾಣದ ಕಾರಣ ಹಂಚಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲೇ ತೀರ್ಮಾನಿಸಿದ ಅಡುಗೆಗೆ ಒಂದು ಅನುಕೂಲವುಂಟು, ಅದನ್ನು ಹಂಚಬಹುದು. "ಕಾಳು ನೆನೆಹಾಕು, ಬರುವಾಗ ಸೊಪ್ಪು ತಂದು ಸೋಸಿಡು" ಎಂದು ಹೇಳಲು ಬರುತ್ತದೆ. ಏಳು ಗಂಟೆಗೆ "ರಾತ್ರಿಗೇನು?" ಎಂದು ಕೇಳಿ ಸೋಫಾದಲ್ಲಿ ಕೂರುವವನಿಗೆ ಹೇಳಲು ಏನೂ ಇರುವುದಿಲ್ಲ. ಹಂಚಲು ಮನಸ್ಸಿಲ್ಲದ ಮನೆಯಲ್ಲಿ ಹೋಟೆಲೇ ನ್ಯಾಯ, ದುಡ್ಡು ಹೋದರೆ ಹೋಗಲಿ.

ಕೂಲಿಯವರ ಲೆಕ್ಕವೇ ಬೇರೆ. ಒಟ್ಟಿಗೆ ಕೊಂಡರೆ ಅಗ್ಗ ಎಂಬ ಉಪದೇಶ ತಿಂಗಳ ಸಂಬಳದವರದು. ದಿನದ ದುಡಿಮೆಯವರು ಎಣ್ಣೆಯನ್ನೂ ಅಂದಂದಿಗೆ ಪ್ಯಾಕೆಟ್ಟಿನಲ್ಲೇ ಕೊಳ್ಳಬೇಕು. 2017ರಲ್ಲಿ ಬೆಂಗಳೂರಲ್ಲಿ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಕೊಡಲು ಶುರುಮಾಡಿದಾಗ ಒಂಟಿ ಕಾರ್ಮಿಕನಿಗೆ ಒಲೆ ಹಚ್ಚುವುದೇ ದುಂದು ಎನ್ನುವಂತಾಯಿತು. ಅವನಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ.

ಯೋಜನೆ ಎಷ್ಟಿದ್ದರೂ ದಣಿದು ಬರುವ ಸಂಜೆಗಳು ತಪ್ಪುವುದಿಲ್ಲ ಎಂಬ ಮಾತೂ ನಿಜ. ಅದಕ್ಕೆ ಉತ್ತರ ಕರ್ನಾಟಕದವರ ದಾರಿಯೇ ನನಗೆ ಸರಿ ಕಂಡದ್ದು. ಕಟಕ್ ರೊಟ್ಟಿಯ ಒಂದು ಗಂಟು, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ. ಮೊಸರು ಇದ್ದರೆ ಒಲೆ ಹಚ್ಚದೆ ಊಟ ಮುಗಿಯುತ್ತದೆ, ರೊಟ್ಟಿ ವಾರಗಟ್ಟಲೆ ಕೆಡದು. ಮಾಡಲು ಬಾರದವರಿಗೆ ಈಗ ಬೆಂಗಳೂರಿನ ಬಡಾವಣೆಗಳಲ್ಲೂ ರೊಟ್ಟಿ ಅಂಗಡಿಗಳಿವೆ. ಇನ್ನು ಹೋಟೆಲನ್ನು ಪಟ್ಟಿಯಿಂದ ಕಿತ್ತುಹಾಕುವುದು ಬೇಡ, ಪಟ್ಟಿಯೊಳಗೇ ಸೇರಿಸಿ. ತಿಂಗಳಿಗೆ ಎರಡು ಸಲವೆಂದರೆ ಎರಡು ಸಲ, ದಣಿವಿಗಲ್ಲ, ಮಸಾಲೆ ದೋಸೆಯ ಆಸೆಗೇ. ಹಾಗೆ ಹೋದ ದಿನ ಮೆನುವಿನ ಬಲಗಡೆಯ ಅಂಕಿಗಳನ್ನು ಮೊದಲು ಓದುವ ಅಗತ್ಯವೇ ಬೀಳುವುದಿಲ್ಲ.