ಸುಳಿಯ ಹುಳು, ಬುಡದ ಹುಳು: ಗುರುತಿಸಿದ ಮೇಲೆ ಔಷಧಿ

ಸಾಸ್ವೆಹಳ್ಳಿ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳ ಹುಟ್ಟಿ ಎರಡು ವಾರವಾಗುತ್ತಲೇ ಹುಳುವಿನ ಕಾಟ ಶುರುವಾಗುತ್ತದೆ. ಯಾವ ಹುಳು ಕಂಡರೂ ಲದ್ದಿಹುಳು ಎಂದುಕೊಂಡು ಔಷಧಿ ಅಂಗಡಿಗೆ ಓಡುವ ಮೊದಲು, ಒಂದನ್ನು ಹಿಡಿದು ಅದರ ತಲೆ, ಬಾಲ ಎರಡನ್ನೂ ನೋಡಿ.

ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದು ಫಾಲ್ ಸೈನಿಕ ಹುಳು, ಸ್ಪೊಡಾಪ್ಟೆರಾ ಫ್ರೂಜಿಪರ್ಡಾ. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ.

ಮಣ್ಣು ಬಣ್ಣದ, ಮುಟ್ಟಿದರೆ ಸುರುಳಿ ಸುತ್ತುವ ನುಣುಪು ಹುಳು ಬೇರೆ. ಅದು ಆಗ್ರೋಟಿಸ್ ಇಪ್ಸಿಲಾನ್, ಅಂದರೆ ಕಾಂಡ ಕತ್ತರಿಸುವ ಹುಳು. ಹಗಲು ಮಣ್ಣಿನಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಎಳೆ ಸಸಿಯನ್ನು ಬುಡದಲ್ಲೇ ಕಡಿಯುತ್ತದೆ. ಬಿದ್ದ ಸಸಿಯ ಸುತ್ತ ಮಣ್ಣು ಕೆದಕಿದರೆ ಸಿಗುತ್ತದೆ. ಎರಡೂ ನಾಕ್ಟುಯಿಡೆ ಎಂಬ ಒಂದೇ ಕುಟುಂಬದ ನಿಶಾಚರ ಪತಂಗಗಳ ಮರಿಗಳು, ಆದರೆ ಜಾತಿ ಬೇರೆ, ಇರುವ ಜಾಗ ಬೇರೆ. ಬುಡ ಕಡಿಯುವ ಹುಳುವಿಗೆ ಸುಳಿಗೆ ಸಿಂಪಡಿಸಿದರೆ ದುಡ್ಡು ಮಣ್ಣುಪಾಲು. ಔಷಧಿ ಸಂಜೆ ಹೊತ್ತು ಬುಡಕ್ಕೇ ಬೀಳಬೇಕು.

ಫಾಲ್ ಸೈನಿಕ ಹುಳುವಿನ ವಿಷಯದಲ್ಲಿ ವೇಳೆಯೇ ಮುಖ್ಯ. ತಾಯಿ ಪತಂಗ ಎಲೆಯ ಮೇಲೆ ಮೊಟ್ಟೆ ಗುಂಪು ಇಟ್ಟು ರೋಮದಿಂದ ಮುಚ್ಚುತ್ತದೆ. ಮರಿಗಳು ಮೊದಲು ಎಲೆಯ ಹಸಿರನ್ನು ಕೆರೆಯುವುದರಿಂದ ಬಿಳಿ ಕಿಟಕಿಯಂಥ ಕಲೆ ಮೂಡುತ್ತದೆ. ಆಗ ಮದ್ದು ಕೆಲಸ ಮಾಡುತ್ತದೆ. ದೊಡ್ಡ ಹುಳು ಸುಳಿಯೊಳಗೆ ಸೇರಿದರೆ ಅದರ ಹಿಕ್ಕೆಯೇ ಬಿರಡೆಯಾಗಿ ಔಷಧಿಯನ್ನು ತಡೆಯುತ್ತದೆ. ಹೊಲದ ಐದು ಕಡೆ ತಲಾ 20 ಗಿಡ ನೋಡಿ. ನೂರರಲ್ಲಿ ಐದಕ್ಕೆ ಬಾಧೆ ಇದ್ದರೆ 1500 ಪಿಪಿಎಂ ಬೇವಿನ ಔಷಧಿ, ಲೀಟರ್ ನೀರಿಗೆ 5 ಮಿ.ಲೀ. ಹತ್ತು ದಾಟಿದರೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ. ನಾಜಲ್ ಸುಳಿಯತ್ತ ತಿರುಗಿರಲಿ. ಮೊಟ್ಟೆ ಗುಂಪು ಕಂಡರೆ ಕೈಯಲ್ಲೇ ಹೊಸಕಿ ಹಾಕಿ, ಇದಕ್ಕಿಂತ ಅಗ್ಗದ ಮದ್ದಿಲ್ಲ.

ಹುಳು ಬಲಿತಿದ್ದರೆ ವಿಷ ಪಾಷಾಣ ಬೇಕು: 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, 2–3 ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಡಿ, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಸೇರಿಸಿ, ಕೈಗವಸು ಹಾಕಿಕೊಂಡು ಸಂಜೆ ಸುಳಿಗೆ ಹಾಕಿ. ಆ ಹೊಲದ ಮೇವನ್ನು ದನಕ್ಕೆ ಹಾಕಬೇಡಿ, ಕೋಳಿಗಳನ್ನೂ ಬಿಡಬೇಡಿ. ಎರಡೂ ಹುಳು ಮಣ್ಣಿನಲ್ಲೇ ಕೋಶವಾಗುವುದರಿಂದ ಮಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ.

ಗುರುತು ಹತ್ತದಿದ್ದರೆ ಹುಳುವನ್ನು ಜೀವಂತವಾಗಿ ಎಲೆಯ ಸಮೇತ ಬಾಟಲಿಗೆ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ. ಒಂದು ಬಾಟಲಿಗೆ ಒಂದೇ ಹುಳು. ಫಾಲ್ ಸೈನಿಕ ಹುಳುಗಳು ಒಂದನ್ನೊಂದು ತಿಂದುಹಾಕುತ್ತವೆ.