ವಾರೆಂಟಿನ ವಾಯಿದೆ ಮುಗಿಯುವುದಿಲ್ಲ

ನಂದಗುಡಿ ಹೋಬಳಿಯ ಕಿರಿಯರಿಗೆ,

ನ್ಯಾಯಾಲಯ ಹೊರಡಿಸಿದ ಬಂಧನದ ವಾರೆಂಟು ತಾನಾಗಿ ಸಾಯುವುದಿಲ್ಲ. ಹೊರಡಿಸಿದ ನ್ಯಾಯಾಲಯವೇ ಅದನ್ನು ರದ್ದುಪಡಿಸಬೇಕು, ಇಲ್ಲವೇ ಪೊಲೀಸರು ಜಾರಿ ಮಾಡಬೇಕು. ಈ ಎರಡರಲ್ಲಿ ಒಂದು ಆಗುವ ತನಕ ಅದು ಚಾಲ್ತಿಯಲ್ಲೇ ಇರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಹೇಳುವುದು ಇದನ್ನೇ. 2024ರ ಜುಲೈ 1ಕ್ಕೆ ಮೊದಲು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮಿನಲ್ಲೂ ಇದೇ ನಿಯಮವಿತ್ತು. ಆ ದಿನಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣಗಳು ಹಳೆಯ ಸಂಹಿತೆಯಂತೆ ಮುಂದುವರಿಯುವುದರಿಂದ ಕೋರ್ಟಿನ ಕಾಗದಗಳಲ್ಲಿ ಎರಡೂ ಸಂಖ್ಯೆಗಳು ಕಾಣುತ್ತವೆ. ಊರು ಬಿಟ್ಟು ಹತ್ತು ವರ್ಷ ದುಡಿದು ಮರಳಿದವನ ಮೇಲಿನ ವಾರೆಂಟಿಗೆ ಮೊದಲ ದಿನದ ಬಲವೇ ಇರುತ್ತದೆ. ಬದಲಾಗಿರುವುದು ಒಂದೇ: ಇಷ್ಟು ಕಾಲ ಎಲ್ಲಿದ್ದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಾಗಿರುತ್ತದೆ.

ಹೋಬಳಿಯಲ್ಲಿ ಜನರ ಮೇಲೆ ವಾರೆಂಟು ಬರುವುದು ಹೆಚ್ಚಾಗಿ ಸಾಧಾರಣ ಪ್ರಕರಣಗಳಲ್ಲಿ: ಬದುವಿನ ಜಗಳ, ಹೊಡೆದಾಟ, ರಸ್ತೆ ಅಪಘಾತ, ಚೆಕ್ ಬೌನ್ಸ್, ಜೀವನಾಂಶದ ಬಾಕಿ. ಆರೋಪಕ್ಕಿಂತ ಗೈರುಹಾಜರಿಯೇ ಅದಕ್ಕೆ ಕಾರಣ. ಮೊದಲು ಸಮನ್ಸ್ ಬರುತ್ತದೆ. ಅದಕ್ಕೆ ಹಾಜರಾಗದಿದ್ದರೆ ಜಾಮೀನುಸಹಿತ ವಾರೆಂಟು. ಅದರ ಮೇಲೆಯೇ ಮೊತ್ತ ಬರೆದಿರುತ್ತದೆ; ಅಷ್ಟಕ್ಕೆ ಮುಚ್ಚಳಿಕೆ ಮತ್ತು ಜಾಮೀನು ಕೊಟ್ಟರೆ ಠಾಣೆಯಲ್ಲೇ ಬಿಡುಗಡೆ. ಅದಕ್ಕೂ ಬಾರದವನ ಮೇಲೆ ಜಾಮೀನುರಹಿತ ವಾರೆಂಟು, ಕೋರ್ಟಿನ ಆಡುಮಾತಿನಲ್ಲಿ ಎನ್‌ಬಿಡಬ್ಲ್ಯು. ಜಾಮೀನಿನ ಮೇಲಿದ್ದವನು ವಾಯಿದೆ, ಅಂದರೆ ವಿಚಾರಣೆಯ ದಿನ, ತಪ್ಪಿಸಿದರೆ ಮಾತ್ರ ನಡುವಿನ ಮೆಟ್ಟಿಲು ಇರದೆಯೂ ಹೋಗಬಹುದು. ಸಾಕ್ಷಿ ಹೇಳಲು ಬಾರದವರ ಮೇಲೂ ವಾರೆಂಟು ಹೊರಡುತ್ತದೆ. ಜಾಮೀನುರಹಿತ ವಾರೆಂಟನ್ನು ಯಾಂತ್ರಿಕವಾಗಿ ಹೊರಡಿಸಕೂಡದೆಂದು ಸುಪ್ರೀಂ ಕೋರ್ಟು 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಹೇಳಿತು. 2024ರ ಷರೀಫ್ ಅಹಮದ್ ತೀರ್ಪಿನಲ್ಲೂ ಅದನ್ನೇ ಒತ್ತಿ ಹೇಳಿತು.

ತಮ್ಮ ಮೇಲೆ ವಾರೆಂಟಿದೆ ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ. ಸಮನ್ಸ್ ಹೋಗುವುದು ದೂರಿನಲ್ಲಿ ಬರೆದ ವಿಳಾಸಕ್ಕೆ. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಬಾಡಿಗೆಮನೆ ಹಿಡಿದವನಿಗೆ, ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವನಿಗೆ ಅದು ಮುಟ್ಟುವುದಿಲ್ಲ. ಟ್ರಾಕ್ಟರ್ ಸಾಲಕ್ಕೆ ಭದ್ರತೆಯೆಂದು ಕೊಟ್ಟ ಚೆಕ್ಕು ಬೌನ್ಸ್ ಆದರೆ ಪ್ರಕರಣ ಸಾಲಗಾರನ ಊರಿನಲ್ಲಿ ನಡೆಯಬೇಕೆಂದಿಲ್ಲ. 2015ರ ತಿದ್ದುಪಡಿಯ ನಂತರ, ಚೆಕ್ ಪಡೆದವನು ಖಾತೆ ಹೊಂದಿರುವ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿನ ನ್ಯಾಯಾಲಯಕ್ಕೆ ಆ ಅಧಿಕಾರವಿದೆ. ಹಾಗಾಗಿ ನಂದಗುಡಿಯವನ ಮೇಲಿನ ವಾರೆಂಟು ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದಲೂ ಬರಬಹುದು.

ಹುಡುಕುವ ಕೆಲಸ ಯಾವ ನ್ಯಾಯಾಲಯ ಎಂಬಲ್ಲಿಂದ ಶುರುವಾಗುತ್ತದೆ. ನಂದಗುಡಿ ಹೊಸಕೋಟೆ ತಾಲ್ಲೂಕಿನ ಹೋಬಳಿ. ನಂದಗುಡಿ ಠಾಣೆಯಲ್ಲಿ ದಾಖಲಾದ ಸಾಮಾನ್ಯ ಅಪರಾಧಗಳ ವಿಚಾರಣೆ ಹೊಸಕೋಟೆಯ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ (ಜೆಎಂಎಫ್‌ಸಿ) ನ್ಯಾಯಾಲಯಗಳಲ್ಲಿ ನಡೆಯುತ್ತದೆ. ಕೊಲೆಯಂಥ ಗಂಭೀರ ಪ್ರಕರಣಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತವೆ. ಆದರೆ ಇಲ್ಲಿಯವರ ವ್ಯವಹಾರ, ನೆಂಟಸ್ತಿಕೆಗಳು ತಾಲ್ಲೂಕಿನ ಗಡಿ ನೋಡುವುದಿಲ್ಲ. ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಗೆ, ಮಾಲೂರು ಕೋಲಾರ ಜಿಲ್ಲೆಗೆ ಸೇರಿದ್ದು. ಅಲ್ಲಿನ ನ್ಯಾಯಾಲಯಗಳೇ ಬೇರೆ. ಬೆಂಗಳೂರು ನಗರದ ಪ್ರಕರಣಗಳನ್ನೂ ಪ್ರತ್ಯೇಕವಾಗಿ ನೋಡಬೇಕು. ಅಪಘಾತವೋ ಜಗಳವೋ ಎಲ್ಲಿ ನಡೆಯಿತು, ಯಾವ ಠಾಣೆಯಲ್ಲಿ ಎಫ್‌ಐಆರ್ ಆಯಿತು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧವನ್ನು ಇ-ಕೋರ್ಟ್ಸ್ ಸೇವೆಯ ಜಾಲತಾಣದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಹಣ ಕೊಡದೆ ಮಾಡಬಹುದು. ಜಿಲ್ಲೆ ಮತ್ತು ನ್ಯಾಯಾಲಯದ ಸಂಕೀರ್ಣ ಆರಿಸಿಕೊಂಡು ಪ್ರಕರಣದ ಸಂಖ್ಯೆ, ಎಫ್‌ಐಆರ್ ಸಂಖ್ಯೆ ಅಥವಾ ಪಕ್ಷಗಾರರ ಹೆಸರಿನಿಂದ ಹುಡುಕಲು ಅವಕಾಶವಿದೆ. ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರಾಂಕಿಗಳ ಗುರುತು ಇರುತ್ತದೆ. ಅದೊಂದಿದ್ದರೆ ಬೇರೇನೂ ಬೇಡ. ಹೆಸರಿನಿಂದ ಹುಡುಕುವಾಗ ಎಚ್ಚರ ಬೇಕು. ಮುನಿಯಪ್ಪ, ಕೃಷ್ಣಪ್ಪ, ವೆಂಕಟೇಶ್ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಕೊಟ್ಟು, ವರ್ಷಗಳನ್ನು ಬದಲಿಸುತ್ತಾ ನೋಡುವುದು ಮೇಲು. ಪ್ರಕರಣ ಸಿಕ್ಕ ಮೇಲೆ ಮುಂದಿನ ದಿನಾಂಕವನ್ನಷ್ಟೇ ನೋಡಿದರೆ ಸಾಲದು. ಹಿಂದಿನ ಒಂದೊಂದು ದಿನಾಂಕವನ್ನೂ ಒತ್ತಿದರೆ ಅಂದಿನ ಕಲಾಪದ ಟಿಪ್ಪಣಿ ತೆರೆಯುತ್ತದೆ. ಆರೋಪಿ ಗೈರು, ಹಾಜರಿ ವಿನಾಯಿತಿ ಅರ್ಜಿ ವಜಾ, ಎನ್‌ಬಿಡಬ್ಲ್ಯು ಹೊರಡಿಸಿ ಎಂಬ ಸಾಲು ಇರುವುದು ಅಲ್ಲಿ. ಎಲ್ಲ ಕಲಾಪವೂ ಜಾಲತಾಣಕ್ಕೆ ಏರಿರುವುದಿಲ್ಲವಾದ್ದರಿಂದ ಏನೂ ಕಾಣದಿದ್ದರೆ ವಾರೆಂಟೇ ಇಲ್ಲವೆಂದು ತೀರ್ಮಾನಿಸಬಾರದು. ವಕೀಲರು ಕೋರ್ಟಿನ ಕಚೇರಿಯಲ್ಲಿ ಕಡತ ಪರಿಶೀಲಿಸಿ ಹೇಳುವ ಮಾತೇ ಕೊನೆಯದು. ಇತರ ಆರೋಪಿಗಳ ವಿಚಾರಣೆ ಮುಗಿದು, ತಪ್ಪಿಸಿಕೊಂಡವನೊಬ್ಬನ ಪ್ರಕರಣವನ್ನು ಬೇರ್ಪಡಿಸಿ ದೀರ್ಘಕಾಲದ ಬಾಕಿ ಪ್ರಕರಣಗಳ ವಹಿಗೆ, ಅಂದರೆ ಎಲ್‌ಪಿಆರ್‌ಗೆ, ಸೇರಿಸಿದ್ದರೆ ಅದಕ್ಕೆ ಹೊಸ ಸಂಖ್ಯೆ ಬಂದಿರುವುದೂ ಉಂಟು.

ಫೋನಿನಲ್ಲಿ ಬರುವ ವಾರೆಂಟಿನ ಕತೆಯೇ ಬೇರೆ. ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲಿ ಕಳಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ, ನಿಜ. ಆದರೆ ವೀಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸಲಾಗದು. ಹಣ ಕಳಿಸಿದರೆ ವಾರೆಂಟು ರದ್ದಾಗುವುದೂ ಇಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ 1930ಕ್ಕೆ ದೂರು ಕೊಡಬೇಕು.

ವಾರೆಂಟು ಇರುವುದು ಖಚಿತವಾದ ಮೇಲೆ ದಾರಿ ಒಂದೇ: ಅದನ್ನು ಹೊರಡಿಸಿದ ನ್ಯಾಯಾಲಯಕ್ಕೆ ವಾರೆಂಟಿನ ರದ್ದತಿ ಕೋರುವ ರೀಕಾಲ್ ಅರ್ಜಿ ಸಲ್ಲಿಸುವುದು. ಮುಂದಿನ ವಾಯಿದೆಯ ತನಕ ಕಾಯಬೇಕಾಗಿಲ್ಲ. ವಕೀಲರು ಪ್ರಕರಣವನ್ನು ಮುಂಚಿತವಾಗಿ ಕೈಗೆತ್ತಿಕೊಳ್ಳುವಂತೆ ಕೋರಿ, ವಕಾಲತ್ತಿನೊಂದಿಗೆ ಅರ್ಜಿ ಹಾಕುತ್ತಾರೆ. ಗೈರಾದ ಕಾರಣವನ್ನು ಅಲ್ಲಿ ನೇರವಾಗಿ ಬರೆದು, ಆಸ್ಪತ್ರೆಯ ಚೀಟಿ, ಪರೀಕ್ಷೆಯ ಪ್ರವೇಶಪತ್ರ, ಕೆಲಸದ ಸ್ಥಳದ ಪತ್ರ, ಹೀಗೆ ಇರುವ ದಾಖಲೆಯನ್ನು ಲಗತ್ತಿಸಬೇಕು. ಇಲ್ಲದ ಕಾಯಿಲೆಗೆ ವೈದ್ಯರ ಚೀಟಿ ತಂದರೆ ಒಂದು ತಪ್ಪು ಎರಡಾಗುತ್ತದೆ. ಆರೋಪಿ ಸಾಮಾನ್ಯವಾಗಿ ತಾನೇ ಹಾಜರಿರಬೇಕು. ಜಾಮೀನುದಾರ ಪಹಣಿ, ಆಧಾರ್ ಹಿಡಿದು ಜೊತೆಗಿದ್ದರೆ ಒಳ್ಳೆಯದು. ನ್ಯಾಯಾಧೀಶರು ವಾರೆಂಟನ್ನು ರದ್ದುಪಡಿಸಿ ವೆಚ್ಚ ವಿಧಿಸಬಹುದು, ಹೊಸ ಮುಚ್ಚಳಿಕೆ ಮತ್ತು ಜಾಮೀನು ಕೇಳಬಹುದು. ವರ್ಷಗಟ್ಟಲೆ ತಲೆಮರೆಸಿಕೊಂಡವನನ್ನು ನ್ಯಾಯಾಂಗ ಬಂಧನಕ್ಕೆ ಕಳಿಸುವ ಅಧಿಕಾರವೂ ಅವರಿಗಿದೆ. ತಾನಾಗಿ ಬಂದದ್ದು ಆರೋಪಿಯ ಪರವಾದ ದೊಡ್ಡ ಸಂಗತಿ. ಹಿಡಿದು ತಂದ ಮೇಲೆ ಆ ಮಾತು ಹೇಳಲು ಬರುವುದಿಲ್ಲ.

ಕೆಲವರಿಗೆ ಇನ್ನೂ ಸುಲಭದ ಬಾಗಿಲಿದೆ. ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಮಾರ್ಗಸೂಚಿ 7 ವರ್ಷ ಅಥವಾ ಅದಕ್ಕೂ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಅನ್ವಯಿಸುತ್ತದೆ. ತನಿಖೆಯಲ್ಲಿ ಬಂಧನಕ್ಕೊಳಗಾಗದೆ ಸಹಕರಿಸಿದ ಆರೋಪಿ, ವಾರೆಂಟು ಜಾರಿಯಾಗುವ ಮೊದಲು, ಮುಂದಿನ ದಿನ ಖುದ್ದಾಗಿ ಬರುವೆನೆಂದು ಮುಚ್ಚಳಿಕೆ ಕೊಟ್ಟು ಅರ್ಜಿ ಹಾಕಿದರೆ, ಅವನ ಹಾಜರಿಗೆ ಒತ್ತಾಯಿಸದೆಯೇ ಅದನ್ನು ರದ್ದುಪಡಿಸಬಹುದು ಅಥವಾ ಜಾಮೀನುಸಹಿತ ವಾರೆಂಟಾಗಿ ಬದಲಿಸಬಹುದು. ದೂರದ ಊರಿನಲ್ಲಿ ಕೆಲಸದಲ್ಲಿರುವವರಿಗೆ ಇದು ನೆರವಾಗುತ್ತದೆ.

ಹಣದ ವಸೂಲಿಗೆ ಬರುವ ವಾರೆಂಟುಗಳನ್ನು ಹಾಜರಿಯೊಂದೇ ತೀರಿಸುವುದಿಲ್ಲ. ಜೀವನಾಂಶ ಬಾಕಿ ಉಳಿಸಿಕೊಂಡವನನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಸಿವಿಲ್ ಡಿಕ್ರಿಯ ಅಮಲ್ಜಾರಿಯಲ್ಲಿ ಬರುವ ಬಂಧನದ ವಾರೆಂಟೂ ಬೇರೆ ಜಾತಿಯದು. ಇವಕ್ಕೆ ಹಣ ಕಟ್ಟಬೇಕು ಅಥವಾ ಕಂತು ಕೇಳಬೇಕು. ಚೆಕ್ ಬೌನ್ಸ್ ಪ್ರಕರಣವನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಆದರೆ ಹೊರಗೆ ರಾಜಿಯಾದ ಮಾತ್ರಕ್ಕೆ ವಾರೆಂಟು ಹೋಗುವುದಿಲ್ಲ, ಕಡತದಲ್ಲಿ ಆದೇಶವಾಗಬೇಕು.

ರದ್ದಾದ ದಿನವೇ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಇದು ಅತಿ ಜಾಗ್ರತೆಯೇನಲ್ಲ. 2002ರ ಆಗಸ್ಟ್ 12ರಂದು ವಾರೆಂಟು ರದ್ದುಮಾಡಿಸಿಕೊಂಡ ಮುಂಬೈನ ವಕೀಲರೊಬ್ಬರನ್ನು ಆಗಸ್ಟ್ 15ರಂದು ಅದೇ ವಾರೆಂಟಿನ ಮೇಲೆ ಪೊಲೀಸರು ಬಂಧಿಸಿದರು. ಆ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ವಾರೆಂಟುಗಳಿಗೆ ಸಂಖ್ಯೆ ಕೊಡಬೇಕು, ಕೋರ್ಟಿನಲ್ಲೂ ಠಾಣೆಯಲ್ಲೂ ವಹಿ ಇಡಬೇಕು, ರದ್ದತಿಯನ್ನು ಪೊಲೀಸರಿಗೆ ತಿಳಿಸಬೇಕು ಎಂದು ನಿರ್ದೇಶಿಸಿತು. ವಕೀಲರಿಗೇ ಹೀಗಾದ ಮೇಲೆ, ಉಳಿದವರು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುವುದು ಲೇಸು.

ಅರ್ಜಿ ಹಾಕುವ ಮೊದಲೇ ಪೊಲೀಸರು ಬಂದರೆ ಎದುರಾಡಬಾರದು, ಓಡಬಾರದು. ವಾರೆಂಟನ್ನು ತೋರಿಸುವಂತೆ ಕೇಳುವ ಹಕ್ಕಿದೆ. ಅದು ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಇರಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಬೇರೆ ಜಿಲ್ಲೆಯ ವಾರೆಂಟಾದರೆ, ಅದನ್ನು ಹೊರಡಿಸಿದ ಕೋರ್ಟು 30 ಕಿಲೋಮೀಟರಿನೊಳಗೆ ಇಲ್ಲದಿದ್ದಲ್ಲಿ, ಬಂಧಿತನನ್ನು ಸ್ಥಳೀಯ ಮ್ಯಾಜಿಸ್ಟ್ರೇಟರ ಅಥವಾ ಜಿಲ್ಲಾ ಪೊಲೀಸ್ ಅಧಿಕಾರಿಯ ಮುಂದೆ ಮೊದಲು ಹಾಜರುಪಡಿಸುವುದು ಕ್ರಮ.

ಕೈಬಿಸಿ ಮಾಡಿ, ಆಸಾಮಿ ಸಿಗಲಿಲ್ಲ ಎಂದು ವರದಿ ಬರೆಸಿಕೊಂಡರೆ ಗೆದ್ದಂತೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಂಡಂತೆ. ಅಂಥ ವರದಿಗಳ ಆಧಾರದ ಮೇಲೆಯೇ ನ್ಯಾಯಾಲಯ ಉದ್ಘೋಷಣೆ ಹೊರಡಿಸುವುದು. ಅದನ್ನು ಊರಿನಲ್ಲಿ ಎಲ್ಲರೆದುರು ಓದಿ, ಮನೆಗೆ ಅಂಟಿಸುತ್ತಾರೆ. ಹಾಜರಾಗಲು ಕನಿಷ್ಠ 30 ದಿನ ಗಡುವು. ಮೀರಿದರೆ ಜಮೀನು ಜಪ್ತಿಯಾಗಬಹುದು, ಹಾಜರಾಗದಿರುವುದೇ ಒಂದು ಹೊಸ ಅಪರಾಧವೂ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 3 ವರ್ಷದವರೆಗೆ, ನ್ಯಾಯಾಲಯ ಘೋಷಿತ ಅಪರಾಧಿಯೆಂದು ಸಾರಿದ್ದರೆ 7 ವರ್ಷದವರೆಗೆ ಜೈಲುಶಿಕ್ಷೆಯಿದೆ. ಜಾಮೀನು ಪಡೆದು ಕಾರಣವಿಲ್ಲದೆ ಗೈರಾದರೆ ಬೇರೆಯಾಗಿ ಒಂದು ವರ್ಷದವರೆಗೆ ಶಿಕ್ಷೆ. ಇಷ್ಟರ ನಡುವೆ, ಪಹಣಿ ಕೊಟ್ಟು ಜಾಮೀನು ನಿಂತ ಚಿಕ್ಕಪ್ಪನಿಗೋ ನೆರೆಯವನಿಗೋ ಮುಚ್ಚಳಿಕೆಯ ಹಣ ಕಟ್ಟುವಂತೆ ನೋಟಿಸು ಬರುತ್ತದೆ. ವಾರೆಂಟಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು, ಇರುವುದನ್ನು ವಶಪಡಿಸಿಕೊಳ್ಳಲು ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಅವಕಾಶವಿದೆ.

ವಕೀಲರಿಗೆ ಕೊಡಲು ಹಣವಿಲ್ಲ ಎಂಬುದು ತಡಕ್ಕೆ ಕಾರಣವಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನ ಬಡವರು ಉಚಿತ ವಕೀಲರನ್ನು ಪಡೆಯಬಹುದು. ಹೊಸಕೋಟೆಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬೇಕು. 15100 ಸಹಾಯವಾಣಿಯಲ್ಲೂ ವಿಚಾರಿಸಬಹುದು.

ಮುಂದೆ ಮತ್ತೆ ವಾರೆಂಟು ಹುಟ್ಟದಂತೆ ನೋಡಿಕೊಳ್ಳುವುದು, ಬಂದದ್ದನ್ನು ರದ್ದುಮಾಡಿಸುವುದಕ್ಕಿಂತ ಸುಲಭ. ಬರಲಾಗದ ದಿನ ವಕೀಲರ ಮೂಲಕ ವಿನಾಯಿತಿ ಅರ್ಜಿಯನ್ನು ಅಂದೇ ಹಾಕಿಸಬೇಕು. ಮನೆ ಬದಲಾದರೆ ನ್ಯಾಯಾಲಯಕ್ಕೂ ವಕೀಲರಿಗೂ ತಿಳಿಸಬೇಕು. ಸಿಎನ್‌ಆರ್ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ಪ್ರತಿ ವಾಯಿದೆಯ ಸಂಜೆ ಮುಂದಿನ ದಿನಾಂಕವನ್ನು ತಾನೇ ನೋಡಿ ಬರೆದಿಟ್ಟುಕೊಳ್ಳಬೇಕು.

ಇತಿ,
ಹೋಬಳಿಯ ಹಿರಿಯ
ನಂದಗುಡಿ